ಎಂಜಿನ್, ಗೇರ್‌ಬಾಕ್ಸ್ ಬದಲಾದ ಮೇಲೆ ಜೀಪಿನ ಮೀಟರ್ ಸತ್ತುಹೋಯ್ತಾ? ಸರಿ ಮಾಡಿಸೋ ದಾರಿ ಇಲ್ಲಿದೆ

ಸಾಗರ/ಹೊಸನಗರ/ತೀರ್ಥಹಳ್ಳಿ: ನಮ್ಮ ಮೂರು ತಾಲ್ಲೂಕಲ್ಲಿ ಹಳೆ ಜೀಪು ಇಲ್ಲದ ಊರು ಹುಡುಕೋದು ಕಷ್ಟ. ತೋಟದಿಂದ ಅಡಕೆ ಕೊನೆ ತರೋಕೆ, ಗೊಬ್ಬರ ಹೊರೋಕೆ, ಮಳೆಗಾಲದಲ್ಲಿ ರಸ್ತೆ ಕಿತ್ತುಹೋದ ಮನೆಗೆ ಹೋಗೋಕೆ, ಕೊಡಚಾದ್ರಿಗೆ ಜನರನ್ನ ಹತ್ತಿಸೋಕೆ ಜೀಪೇ ಬೇಕು. ಬಾಡಿ, ಚಾಸಿ ಗಟ್ಟಿ ಇರೋದ್ರಿಂದ ಎಂಜಿನ್ ಸುಸ್ತಾದ್ರೆ ಗಾಡಿ ಗುಜರಿಗೆ ಹಾಕೋರು ಕಡಿಮೆ. ಬೇರೆ ಎಂಜಿನ್, ಬೇರೆ ಗೇರ್‌ಬಾಕ್ಸ್ ಕೂರಿಸಿ ಮತ್ತೆ ಹತ್ತು ವರ್ಷ ಓಡಿಸ್ತಾರೆ. ಆದ್ರೆ ಗ್ಯಾರೇಜಿಂದ ಹೊರಗೆ ಬಂದ ಗಾಡಿಯಲ್ಲಿ ಬಹಳ ಸಲ ಒಂದು ಕೆಲಸ ಬಾಕಿ ಉಳಿದಿರ್ತದೆ. ಸ್ಪೀಡೋಮೀಟರ್ ಮುಳ್ಳು ಸೊನ್ನೆ ಬಿಟ್ಟು ಏಳೋದಿಲ್ಲ, ಅಥವಾ ಎದ್ದರೂ ಸುಳ್ಳು ಹೇಳ್ತದೆ.

"ಮೀಟರ್ ಇಲ್ಲದಿದ್ರೆ ಗಾಡಿ ಓಡಲ್ವಾ" ಅಂತ ಬಿಟ್ಟುಬಿಡೋರು ಜಾಸ್ತಿ. ಓಡ್ತದೆ. ಆದ್ರೆ ಎಫ್‌ಸಿಗೆ ಹೋದಾಗ ನಿಲ್ತದೆ, ಡೀಸೆಲ್ ಲೆಕ್ಕ ಸಿಗೋದಿಲ್ಲ, ಆಯಿಲ್ ಬದಲಾಯಿಸೋ ಕಿಲೋಮೀಟರ್ ಗೊತ್ತಾಗೋದಿಲ್ಲ, ಬಾಡಿಗೆ ಲೆಕ್ಕದಲ್ಲಿ ಜಗಳ ಬರ್ತದೆ. ಘಾಟಿ ಇಳಿಯುವಾಗ ಎಷ್ಟು ಸ್ಪೀಡಲ್ಲಿ ಇದ್ದೇವೆ ಅನ್ನೋದು ಅಂದಾಜಿನ ಮೇಲೇ ಉಳೀತದೆ. ಹೊಸ ಎಂಜಿನ್ ಸದ್ದು ಕಡಿಮೆ, ಎಳೆತ ಜಾಸ್ತಿ. ಹಳೆ ಎಂಜಿನ್ ಸದ್ದಿಗೆ ಕಿವಿ ಹೊಂದಿಸಿಕೊಂಡ ಡ್ರೈವರ್‌ಗೆ ಆ ಅಂದಾಜೂ ಕೈಕೊಡ್ತದೆ.

ಒಳ್ಳೆ ಸುದ್ದಿ ಏನಂದ್ರೆ, ಹೆಚ್ಚಿನ ಜೀಪುಗಳಲ್ಲಿ ಇದು ದೊಡ್ಡ ಕೆಲಸ ಅಲ್ಲ. ಎಲ್ಲಿ ತಪ್ಪಿದೆ ಅಂತ ಮೊದಲು ಗೊತ್ತಾಗಬೇಕು, ಅಷ್ಟೆ.

ಮೀಟರ್ ಎಣಿಸೋದು ಎಂಜಿನ್ ಸುತ್ತನ್ನ ಅಲ್ಲ

ಮೊದಲು ತಿಳಿಯಬೇಕಾದ ಮುಖ್ಯ ವಿಷಯ ಇದು. ಸ್ಪೀಡೋಮೀಟರ್‌ಗೆ ಎಂಜಿನ್ ಯಾವುದು ಅಂತ ಗೊತ್ತಿಲ್ಲ, ಗೇರ್ ಎಷ್ಟನೇದು ಅಂತಲೂ ಗೊತ್ತಿಲ್ಲ. ಅದು ಎಣಿಸೋದು ಹಿಂದಿನ ಚಕ್ರಕ್ಕೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತು ತಿರುಗ್ತದೆ ಅನ್ನೋದನ್ನ. ಆ ಶಾಫ್ಟಿಗೆ ಸೇರಿದ ಒಂದು ಸಣ್ಣ ಗೇರು ಇನ್ನೊಂದು ಹಲ್ಲಿನ ಪಿನಿಯನ್ ತಿರುಗಿಸ್ತದೆ. ಪಿನಿಯನ್ ಒಳಗೆ ಕೇಬಲಿನ ಚೌಕದ ತುದಿ ಕೂತಿರ್ತದೆ. ಕೇಬಲ್ ಮೀಟರಿನೊಳಗೆ ಒಂದು ಮ್ಯಾಗ್ನೆಟ್ ತಿರುಗಿಸ್ತದೆ. ಮ್ಯಾಗ್ನೆಟ್ ಸುತ್ತ ಇರೋ ಅಲ್ಯೂಮಿನಿಯಂ ಬಟ್ಟಲು ಅದರ ಜೊತೆ ಎಳೆದುಕೊಂಡು ಹೋಗೋಕೆ ನೋಡ್ತದೆ, ಒಂದು ಸಣ್ಣ ಸ್ಪ್ರಿಂಗ್ ತಡೀತದೆ. ಎಳೆತ ಜಾಸ್ತಿ ಆದಷ್ಟು ಮುಳ್ಳು ಮೇಲೆ ಏಳ್ತದೆ.

ಹಾಗಾಗಿ ಎಂಜಿನ್ ಬದಲಾಯಿಸಿದ್ದಕ್ಕೇ ಮೀಟರ್ ಕೆಡೋದಿಲ್ಲ. ಕೆಡೋಕೆ ನಾಲ್ಕೇ ಜಾಗ: ಶಾಫ್ಟಿನಿಂದ ಸುತ್ತು ತೆಗೆದುಕೊಳ್ಳುವ ಗೇರು, ಕೇಬಲ್ ಅಥವಾ ವೈರು, ಮೀಟರ್, ಮತ್ತೆ ಕ್ರೌನ್ ಪಿನಿಯನ್ ಹಾಗೂ ಟೈರಿನ ಅಳತೆ.

ನಿಮ್ಮ ಗಾಡಿ ಯಾವ ಗುಂಪಿಗೆ ಸೇರ್ತದೆ?

1. ಫೋರ್ ವೀಲ್ ಜೀಪು, ಹಳೆ ಟ್ರಾನ್ಸ್‌ಫರ್ ಕೇಸ್ ಹಾಗೇ ಇದೆ. ಹಳೆ ವಿಲ್ಲೀಸ್ ಮಾದರಿಯ ಮಹೀಂದ್ರ ಜೀಪುಗಳಲ್ಲಿ ಸ್ಪೈಸರ್ 18 ಅನ್ನೋ ಟ್ರಾನ್ಸ್‌ಫರ್ ಕೇಸ್ ಇರ್ತದೆ. ಮೀಟರ್ ಗೇರು ಇರೋದು ಅದರ ಹಿಂಬದಿ, ಹ್ಯಾಂಡ್‌ಬ್ರೇಕ್ ಡ್ರಮ್ಮಿನ ಹತ್ತಿರ. ಅದರ ಮುಂದೆ ಯಾವ ಎಂಜಿನ್ ಬಂದರೂ, ಯಾವ ಗೇರ್‌ಬಾಕ್ಸ್ ಬಂದರೂ ಮೀಟರಿಗೆ ವ್ಯತ್ಯಾಸ ಇಲ್ಲ. ಲೋ ಗೇರಲ್ಲಿ ಓಡಿಸಿದರೂ ಸರಿಯಾಗೇ ತೋರಿಸ್ತದೆ. ಇಂಥ ಗಾಡಿಯಲ್ಲಿ ಮೀಟರ್ ಸತ್ತಿದ್ರೆ ಹೆಚ್ಚಿನ ಸಲ ಕಾರಣ ಕೇಬಲ್. ಇಲ್ಲಾಂದ್ರೆ ಟ್ರಾನ್ಸ್‌ಫರ್ ಕೇಸ್ ಬಿಚ್ಚಿ ಕಟ್ಟುವಾಗ ಆ ಸಣ್ಣ ಗೇರನ್ನೇ ಹಾಕೋದು ಮರೆತಿರ್ತಾರೆ. ಜಿಪ್ಸಿಯಲ್ಲೂ ಮೀಟರ್ ಕೇಬಲ್ ಬರೋದು ಟ್ರಾನ್ಸ್‌ಫರ್ ಕೇಸಿನಿಂದಲೇ.

2. ಟೂ ವೀಲ್ ಗಾಡಿ, ಅಥವಾ ಫೋರ್ ವೀಲ್ ಬಿಚ್ಚಿಸಿ ಟೂ ವೀಲ್ ಮಾಡಿಸಿದ ಜೀಪು. ಇಲ್ಲಿ ಮೀಟರ್ ಗೇರು ಇರೋದು ಗೇರ್‌ಬಾಕ್ಸಿನ ಬಾಲದಲ್ಲಿ. ಗೇರ್‌ಬಾಕ್ಸ್ ಬದಲಾದ್ರೆ ಗೇರು, ಪಿನಿಯನ್, ಕೇಬಲ್ ಕಚ್ಚುವ ಥ್ರೆಡ್ ಎಲ್ಲವೂ ಬದಲಾಗ್ತದೆ. ತಪ್ಪು ರೀಡಿಂಗ್ ಬರೋದು ಹೆಚ್ಚಾಗಿ ಈ ಗುಂಪಲ್ಲಿ.

3. ಗೇರ್‌ಬಾಕ್ಸಿನಿಂದ ಮೀಟರ್ ತೆಗೆದು, ಹಿಂದೆ ಟ್ರಾನ್ಸ್‌ಫರ್ ಕೇಸ್ ಕೂರಿಸಿದ್ದು. ಇದು ಹೈ ಗೇರಲ್ಲಿ ಸರಿ ತೋರಿಸಿ ಲೋ ಗೇರಲ್ಲಿ ತಪ್ಪು ತೋರಿಸ್ತದೆ. ಲೋ ಅನುಪಾತ 2.46 ಇದ್ರೆ, ಗಾಡಿ 15ರಲ್ಲಿ ಹತ್ತುವಾಗ ಮೀಟರ್ 37 ಅಂತ ಹೇಳ್ತದೆ. ಗುಡ್ಡ ಹತ್ತುವ ಗಾಡಿಯಲ್ಲಿ ಕಿಲೋಮೀಟರ್ ಸುಮ್ಮನೆ ಏರ್ತಾ ಹೋಗ್ತದೆ.

4. ಹೊಸ ಪೀಳಿಗೆಯ ಎಂಜಿನ್, ಗೇರ್‌ಬಾಕ್ಸ್. ಕೇಬಲಿನ ಜಾಗದಲ್ಲಿ ಸೆನ್ಸರ್ ಇರ್ತದೆ. ಹಳೆ ಕೇಬಲ್ ಮೀಟರಿಗೆ ಇದು ನೇರ ಹೊಂದೋದಿಲ್ಲ. ಇದರ ಬಗ್ಗೆ ಮುಂದೆ ಹೇಳಿದೆ.

ಮುಳ್ಳು ಏಳೋದೇ ಇಲ್ಲ ಅಂದ್ರೆ

ಹೊಸ ಮೀಟರ್ ತಗೊಳ್ಳೋಕೆ ಮುಂಚೆ ಈ ಕ್ರಮದಲ್ಲಿ ನೋಡಿ. ಅರ್ಧ ಗಂಟೆ ಕೆಲಸ.

ಮೊದಲು ಮೀಟರಿನ ಹಿಂದೆ ಕೇಬಲ್ ಬಿಚ್ಚಿ. ಸಮತಟ್ಟು ಜಾಗದಲ್ಲಿ ಮುಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಡಿ, ಹಿಂದಿನ ಒಂದು ಚಕ್ರಕ್ಕೆ ಜ್ಯಾಕ್ ಹಾಕಿ ಎತ್ತಿ. ಗೇರ್ ನ್ಯೂಟ್ರಲ್ ಇರಲಿ, ಟ್ರಾನ್ಸ್‌ಫರ್ ಲಿವರ್ ಟೂ ವೀಲಲ್ಲಿರಲಿ, ಹ್ಯಾಂಡ್‌ಬ್ರೇಕ್ ಬಿಟ್ಟಿರಲಿ. ಒಬ್ಬರು ಎತ್ತಿದ ಚಕ್ರವನ್ನ ಕೈಯಲ್ಲಿ ನಾಲ್ಕಾರು ಸುತ್ತು ತಿರುಗಿಸಲಿ, ಇನ್ನೊಬ್ಬರು ಕೇಬಲಿನ ಒಳತಂತಿ ನೋಡ್ತಾ ಇರಲಿ. ಗಾಡಿ ಅಡಿಗೆ ಯಾರೂ ಹೋಗೋದು ಬೇಡ.

ತಂತಿ ತಿರುಗಿದ್ರೆ ಗೇರು, ಕೇಬಲ್ ಎರಡೂ ಸರಿ ಇದೆ, ತೊಂದರೆ ಮೀಟರಲ್ಲಿ. ತಿರುಗದಿದ್ರೆ ಕೆಳಗಿನ ತುದಿ ಬಿಚ್ಚಿ, ಪಿನಿಯನ್ ತಿರುಗ್ತದಾ ಅಂತ ಅದೇ ರೀತಿ ಪರೀಕ್ಷೆ ಮಾಡಿ. ಪಿನಿಯನ್ ತಿರುಗಿದ್ರೆ ಕೇಬಲ್ ತುಂಡಾಗಿದೆ, ಅಥವಾ ಚೌಕದ ತುದಿ ಸವೆದಿದೆ, ಅಥವಾ ಒಳತಂತಿ ಉದ್ದ ಸಾಲದೆ ಕಚ್ಚಿಲ್ಲ. ಪಿನಿಯನ್ನೇ ತಿರುಗದಿದ್ರೆ ಒಳಗಿನ ಗೇರು ಇಲ್ಲ, ಇಲ್ಲಾಂದ್ರೆ ಹಲ್ಲು ಹೋಗಿದೆ.

ಮೀಟರ್ ಒಂದನ್ನೇ ಪರೀಕ್ಷೆ ಮಾಡೋಕೂ ಉಪಾಯ ಇದೆ. ಬೇರೊಂದು ಒಳತಂತಿಯ ತುಂಡನ್ನ ಮೀಟರಿಗೆ ಕೊಟ್ಟು, ಇನ್ನೊಂದು ತುದಿಗೆ ಬಡಗಿಯ ಕೈ ಡ್ರಿಲ್ ಹಾಕಿ ನಿಧಾನಕ್ಕೆ ತಿರುಗಿಸಿ. ಮುಳ್ಳು ಎದ್ದರೆ ಮೀಟರ್ ಜೀವಂತ ಇದೆ. ಏಳದಿದ್ರೆ ಡ್ರಿಲ್ ಉಲ್ಟಾ ತಿರುಗಿಸಿ ನೋಡಿ. ಉಲ್ಟಾ ತಿರುಗಿಸಿದಾಗ ಎದ್ದರೂ ಮೀಟರ್ ಸರಿಯೇ ಇದೆ, ಅದಕ್ಕೆ ಬೇಕಾದ ದಿಕ್ಕು ಅದು ಅಂತ ಅರ್ಥ.

ಈ ದಿಕ್ಕಿನ ವಿಷಯ ತುಂಬ ಜನ ಗಮನಿಸೋದಿಲ್ಲ. ಕೆಲವು ಗೇರ್‌ಬಾಕ್ಸ್ ಕೇಬಲನ್ನ ಬಲಕ್ಕೆ ತಿರುಗಿಸ್ತವೆ, ಕೆಲವು ಎಡಕ್ಕೆ. ದಿಕ್ಕು ಉಲ್ಟಾ ಆದ್ರೆ ಮುಳ್ಳು ಸೊನ್ನೆಯ ಕಡ್ಡಿಗೆ ಒತ್ತಿಕೊಂಡು ಕೂರ್ತದೆ. ಗೇರು, ಕೇಬಲ್, ಮೀಟರ್ ಮೂರೂ ಸರಿ ಇದ್ದು ಮುಳ್ಳು ಏಳದಿದ್ರೆ ಇದೇ ಕಾರಣ. ದಿಕ್ಕು ಬದಲಿಸುವ ಸಣ್ಣ ಗೇರ್ ಡಬ್ಬಿ ಹಾಕಬೇಕು, ಅಥವಾ ಆ ಗೇರ್‌ಬಾಕ್ಸ್ ಬಂದ ಗಾಡಿಯದ್ದೇ ಮೀಟರ್ ಹಾಕಬೇಕು.

ಓಡ್ತದೆ, ಆದ್ರೆ ಸುಳ್ಳು ಹೇಳ್ತದೆ ಅಂದ್ರೆ

ಇಲ್ಲಿ ಅಂದಾಜು ಬೇಡ, ಎಣಿಸಿದ್ರೆ ಉತ್ತರ ಸಿಗ್ತದೆ.

ಹಲವು ಹಳೆ ಮೀಟರಿನ ಡಯಲಿನ ಮೇಲೆ ಸಣ್ಣ ಅಕ್ಷರದಲ್ಲಿ ಒಂದು ಸಂಖ್ಯೆ ಇರ್ತದೆ. 1000 ಅಂತ ಇದ್ದು ಮೀಟರ್ ಕಿಲೋಮೀಟರಿನದ್ದಾದ್ರೆ, ಒಂದು ಕಿಲೋಮೀಟರಿಗೆ ಕೇಬಲ್ 1000 ಸುತ್ತು ತಿರುಗಬೇಕು ಅಂತ ಅರ್ಥ. ತೀರಾ ಹಳೆ ಮೀಟರ್ ಮೈಲಿಯದ್ದಾಗಿದ್ರೆ ಆ ಸಂಖ್ಯೆ ಒಂದು ಮೈಲಿಗೆ. ಒಂದು ಮೈಲಿ ಅಂದ್ರೆ 1.609 ಕಿಲೋಮೀಟರ್, ಆ ಲೆಕ್ಕ ಬೇರೆ ಮಾಡ್ಕೊಳ್ಳಬೇಕು.

ಈಗ ಅಡಕೆ ಒಣಗಿಸೋ ಅಂಗಳವೋ, ಶಾಲೆ ಮೈದಾನವೋ, ಸಮತಟ್ಟು ಜಾಗದಲ್ಲಿ ಟೇಪ್ ಹಿಡಿದು 20 ಮೀಟರ್ ಗುರುತು ಹಾಕಿ. ಮೀಟರ್ ಕಡೆಯ ಕೇಬಲ್ ಬಿಚ್ಚಿ, ಒಳತಂತಿಗೆ ಬಾವುಟದ ಹಾಗೆ ಒಂದು ಚೂರು ಟೇಪು ಅಂಟಿಸಿ. ನ್ಯೂಟ್ರಲಲ್ಲಿ ಗಾಡಿಯನ್ನ ನೇರವಾಗಿ ತಳ್ಳಿಸ್ತಾ, ಬಾವುಟ ಎಷ್ಟು ಸುತ್ತು ಬಂತು ಎಣಿಸಿ. ಬಂದ ಸಂಖ್ಯೆಯನ್ನ 50ರಿಂದ ಗುಣಿಸಿದ್ರೆ ಒಂದು ಕಿಲೋಮೀಟರಿನ ಸುತ್ತು ಸಿಗ್ತದೆ. ಎರಡು ಮೂರು ಸಲ ಮಾಡಿದ್ರೆ ಒಳ್ಳೇದು.

ಉದಾಹರಣೆಗೆ 20 ಮೀಟರಿಗೆ 17 ಸುತ್ತು ಬಂತು ಅನ್ನಿ. ಕಿಲೋಮೀಟರಿಗೆ 850 ಆಯ್ತು. ಮೀಟರಿಗೆ ಬೇಕಾದ್ದು 1000. ಅಂದ್ರೆ ಮೀಟರ್ 100ಕ್ಕೆ 85 ಮಾತ್ರ ತೋರಿಸ್ತಾ ಇದೆ. ಗಾಡಿ 60ರಲ್ಲಿ ಹೋಗುವಾಗ ಮುಳ್ಳು 51ರಲ್ಲಿ ಇರ್ತದೆ. ಪರಿಹಾರ: ಪಿನಿಯನ್ ಹಲ್ಲು ಕಡಿಮೆ ಮಾಡಬೇಕು. ಈಗಿರೋದು 13 ಹಲ್ಲಿನದ್ದಾದ್ರೆ 13 ಗುಣಿಸು 850, ಭಾಗಿಸು 1000. ಉತ್ತರ ಹತ್ತಿರ ಹತ್ತಿರ 11. ಹನ್ನೊಂದು ಹಲ್ಲಿನ ಪಿನಿಯನ್ ಹಾಕಿದ್ರೆ ಕಿಲೋಮೀಟರಿಗೆ ಸುಮಾರು 1005 ಸುತ್ತು ಬರ್ತದೆ, ಅಷ್ಟು ಸಾಕು.

ನೆನಪಿಡೋಕೆ ಒಂದೇ ಸಾಲು: ಮೀಟರ್ ಕಡಿಮೆ ತೋರಿಸಿದ್ರೆ ಪಿನಿಯನ್ ಹಲ್ಲು ಕಡಿಮೆ ಮಾಡಿ, ಜಾಸ್ತಿ ತೋರಿಸಿದ್ರೆ ಹಲ್ಲು ಜಾಸ್ತಿ ಮಾಡಿ.

ಆದ್ರೆ ಬೇಕಾದ ಹಲ್ಲಿನ ಪಿನಿಯನ್ ಎಲ್ಲ ಗೇರ್‌ಬಾಕ್ಸಿಗೂ ಸಿಗೋದಿಲ್ಲ. ಸಿಕ್ಕರೂ ಒಳಗಿನ ಗೇರಿಗೆ ಸರಿಯಾಗಿ ಕಚ್ಚಬೇಕು, ಬಲವಂತ ಮಾಡಿದ್ರೆ ಹಲ್ಲು ಉದುರಿ ಗೇರ್ ಆಯಿಲಿಗೆ ಬೀಳ್ತದೆ. ಆಗ ಕೇಬಲಿನ ದಾರಿಯಲ್ಲಿ ಅನುಪಾತ ಬದಲಿಸುವ ಸಣ್ಣ ಗೇರ್ ಡಬ್ಬಿ ಹಾಕಿಸೋದು ಒಳ್ಳೇದು. ಇಲ್ಲಿ ಸಿಗದಿದ್ರೆ ಶಿವಮೊಗ್ಗದ ಆಟೋ ಕಾಂಪ್ಲೆಕ್ಸಲ್ಲೋ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ವಿಚಾರಿಸಬೇಕು. ಹೋಗುವಾಗ ಹಳೆ ಪಿನಿಯನ್, ಕೇಬಲಿನ ಎರಡೂ ತುದಿಯ ಫೋಟೋ, ಎಣಿಸಿದ ಸಂಖ್ಯೆ ಮೂರೂ ಕೈಯಲ್ಲಿರಲಿ. "ಜೀಪಿನ ಮೀಟರ್ ಗೇರು ಕೊಡಿ" ಅಂದ್ರೆ ಅಂಗಡಿಯವರೂ ಏನೂ ಮಾಡೋಕಾಗಲ್ಲ.

ಟೈರು, ಕ್ರೌನ್ ಬದಲಾಗಿದ್ರೆ ಲೆಕ್ಕ ಮತ್ತೆ ಬೇರೆ

ಎಂಜಿನ್ ಜೊತೆ ಎಷ್ಟೋ ಜನ ಹೌಸಿಂಗ್ ಕೂಡ ಬದಲಾಯಿಸ್ತಾರೆ. ಹಳೆ ಜೀಪುಗಳಲ್ಲಿ ಕ್ರೌನ್ ಪಿನಿಯನ್ ಅನುಪಾತ 5.38 ಇರೋದುಂಟು, 4.88 ಇರೋದೂ ಉಂಟು. 5.38 ತೆಗೆದು 4.88 ಹಾಕಿದ್ರೆ, ಅದೇ ದೂರಕ್ಕೆ ಪ್ರೊಪೆಲ್ಲರ್ ಶಾಫ್ಟ್ ಕಡಿಮೆ ಸುತ್ತು ತಿರುಗ್ತದೆ. ಮೀಟರ್ 60 ಅಂದಾಗ ಗಾಡಿ ನಿಜಕ್ಕೂ 66ರಲ್ಲಿ ಇರ್ತದೆ.

ಟೈರ್ ದೊಡ್ಡದಾದ್ರೂ ಅದೇ ಕಥೆ. 215/75 ಆರ್ 15 ಟೈರಿನ ಸುತ್ತಳತೆ ಲೆಕ್ಕಕ್ಕೆ 2.21 ಮೀಟರ್, 235/75 ಆರ್ 15ರದ್ದು 2.30 ಮೀಟರ್. ಮೊದಲನೇದು ಬಿಚ್ಚಿ ಎರಡನೇದು ಹಾಕಿದ್ರೆ ಮೀಟರಿನ 60 ಅಂದ್ರೆ ನಿಜದ ಸುಮಾರು 63. ಕ್ರೌನ್, ಟೈರ್ ಎರಡೂ ಬದಲಾದ್ರೆ ಮೀಟರಿನ 60 ನಿಜದಲ್ಲಿ 69 ಆಗ್ತದೆ. ಆಗುಂಬೆ ತಿರುವಲ್ಲೋ ಹುಲಿಕಲ್ ಇಳಿಜಾರಲ್ಲೋ ಇಂಥ ವ್ಯತ್ಯಾಸ ಸಣ್ಣದಲ್ಲ.

ಅದಕ್ಕೇ ಟೈರು, ಹೌಸಿಂಗ್ ಕೆಲಸ ಎಲ್ಲ ಮುಗಿದ ಮೇಲೆ ಕೊನೆಗೆ ಮೀಟರ್ ಸರಿ ಮಾಡಿಸಿ. ಮೊದಲೇ ಪಿನಿಯನ್ ಹಾಕಿ ಆಮೇಲೆ ಟೈರ್ ಬದಲಾಯಿಸಿದ್ರೆ ಕೊಟ್ಟ ದುಡ್ಡು ದಂಡ.

ಕೇಬಲ್ ಮೀಟರ್, ಸೆನ್ಸರ್ ಗೇರ್‌ಬಾಕ್ಸ್

ಹೊಸ ಗೇರ್‌ಬಾಕ್ಸಿನ ಸೆನ್ಸರಿಗೆ ಸಾಮಾನ್ಯವಾಗಿ ಮೂರು ವೈರು: ಕರೆಂಟು, ಅರ್ಥ್, ಸಿಗ್ನಲ್. ಶಾಫ್ಟ್ ತಿರುಗಿದ ಹಾಗೆ ಸಿಗ್ನಲ್ ವೈರಲ್ಲಿ ಕರೆಂಟು ಬಿಟ್ಟು ಬಿಟ್ಟು ಬರ್ತದೆ, ಮೀಟರ್ ಅದನ್ನ ಎಣಿಸ್ತದೆ. ಇಲ್ಲಿ ಮೂರು ದಾರಿ ಇದೆ.

ಒಂದು, ಎಂಜಿನ್, ಗೇರ್‌ಬಾಕ್ಸ್ ಯಾವ ಗಾಡಿಯಿಂದ ಬಂತೋ ಅದೇ ಗಾಡಿಯ ಮೀಟರ್ ಬೋರ್ಡನ್ನೂ ವೈರಿಂಗನ್ನೂ ತರೋದು. ಎಂಜಿನ್ ಖರೀದಿ ಮಾತಾಡುವಾಗಲೇ ಇದನ್ನೂ ಸೇರಿಸಿ ಮಾತಾಡಿದ್ರೆ ಸಸ್ತಾ ಆಗ್ತದೆ, ಆಮೇಲೆ ಹುಡುಕಿದ್ರೆ ಸಿಗೋದು ಕಷ್ಟ. ಕಂಪ್ಯೂಟರ್ ಇರುವ ಡೀಸೆಲ್ ಎಂಜಿನ್ ಆದ್ರೆ ಇದೇ ಸರಿಯಾದ ದಾರಿ. ಯಾಕಂದ್ರೆ ಕೆಲವು ಎಂಜಿನ್‌ಗಳ ಕಂಪ್ಯೂಟರ್ ಕೂಡ ಗಾಡಿಯ ಸ್ಪೀಡ್ ಕೇಳ್ತದೆ. ಸಿಗ್ನಲ್ ಇಲ್ಲದಿದ್ರೆ ವಾರ್ನಿಂಗ್ ಲೈಟ್ ಉರಿಯೋದು, ಎಳೆತ ಕಡಿಮೆ ಆಗೋದು ಉಂಟು.

ಎರಡು, ಸೆನ್ಸರ್ ಕೂತ ಜಾಗದಲ್ಲಿ ಪಿನಿಯನ್ ಇದ್ದು, ಅದಕ್ಕೆ ಕೇಬಲ್ ಕಚ್ಚೋ ಹಾಗಿದ್ರೆ ಸೆನ್ಸರ್ ತೆಗೆದು ಕೇಬಲ್ ಹಾಕೋದು. ಎಲ್ಲ ಗೇರ್‌ಬಾಕ್ಸಲ್ಲೂ ಆಗೋದಿಲ್ಲ, ಬಿಚ್ಚಿ ನೋಡಿದ ಮೇಲೇ ಹೇಳಬೇಕು. ಟ್ರಾನ್ಸ್‌ಫರ್ ಕೇಸ್ ಹಳೇದೇ ಇದ್ರೆ ಈ ತಲೆಬಿಸಿ ಬೇಡ, ಅಲ್ಲಿಂದಲೇ ಕೇಬಲ್ ತೆಗೆದುಕೊಳ್ಳಿ.

ಮೂರು, ಜಿಪಿಎಸ್ ಮೀಟರ್. ಕೇಬಲ್ ಬೇಡ, ಪಿನಿಯನ್ ಬೇಡ, ಟೈರಿನ ಲೆಕ್ಕ ಬೇಡ. ಬ್ಯಾಟರಿ ಕರೆಂಟು ಕೊಟ್ಟು, ಆಂಟೆನಾ ಆಕಾಶ ಕಾಣುವ ಹಾಗೆ ಇಟ್ಟರೆ ಮುಗೀತು. ಬಯಲಲ್ಲಿ ನಿಖರ. ಆದ್ರೆ ದಟ್ಟ ಕಾಡಿನ ಅಡಿಯಲ್ಲಿ, ಘಾಟಿಯ ಆಳದಲ್ಲಿ ಸಿಗ್ನಲ್ ದುರ್ಬಲ ಆಗ್ತದೆ, ಮುಳ್ಳು ತಡವಾಗಿ ಏಳ್ತದೆ. ಗಾಡಿ ಸ್ಟಾರ್ಟ್ ಮಾಡಿದ ತಕ್ಷಣವೂ ಸ್ವಲ್ಪ ಹೊತ್ತು ಕಾಯಬೇಕು.

ಸೆನ್ಸರ್ ಮೀಟರ್ ಓಡದಿದ್ರೆ ಮೊದಲು ಫ್ಯೂಸ್, ಆಮೇಲೆ ಅರ್ಥ್ ನೋಡಿ. ಎಂಜಿನ್ ಇಳಿಸುವಾಗ ಬಿಚ್ಚಿದ ಅರ್ಥ್ ಪಟ್ಟಿ ಮತ್ತೆ ಕಟ್ಟದೆ ಇದ್ರೆ ಮೀಟರ್ ಬೋರ್ಡು ಹುಚ್ಚುಹುಚ್ಚಾಗಿ ಆಡ್ತದೆ.

ನಮ್ಮ ಮಳೆಗೆ ಕೇಬಲ್ ಬೇಗ ಸಾಯ್ತದೆ

ಮುಳ್ಳು ನಡುಗೋದು, ಕಟಕಟ ಸದ್ದು ಬರೋದು ಕೇಬಲ್ ಒಣಗಿದ ಅಥವಾ ಮಡಚಿದ ಗುರುತು. ಎಂಜಿನ್ ಬದಲಾದ್ರೆ ಸೈಲೆನ್ಸರ್ ಪೈಪಿನ ದಾರಿಯೂ ಬದಲಾಗ್ತದೆ. ಹಳೆ ದಾರಿಯಲ್ಲೇ ಕೇಬಲ್ ಬಿಟ್ಟರೆ ಬಿಸಿಗೆ ಹೊರಕವಚ ಕರಗ್ತದೆ. ಪೈಪಿನಿಂದ ದೂರ, ದೊಡ್ಡ ತಿರುವಲ್ಲಿ ಕೇಬಲ್ ಎಳೆಯಬೇಕು. ಉದ್ದ ಸಾಲದಿದ್ರೆ ಬಿಗಿದು ಕಟ್ಟೋದು ಬೇಡ, ಉದ್ದದ್ದು ತಗೊಳ್ಳಿ.

ಮಳೆಗಾಲಕ್ಕೆ ಮುಂಚೆ ಒಳತಂತಿ ಎಳೆದು ಒರೆಸಿ, ತೆಳ್ಳಗೆ ಗ್ರೀಸ್ ಸವರಿ. ಮೀಟರ್ ಕಡೆಯ ಒಂದು ಗೇಣು ಭಾಗಕ್ಕೆ ಗ್ರೀಸ್ ಹಚ್ಚಬೇಡಿ, ಅದು ಮೀಟರ್ ಒಳಗೆ ಹೋಗಿ ಮುಳ್ಳು ಅಂಟಿಸ್ತದೆ. ಕೇಬಲಲ್ಲಿ ಗೇರ್ ಆಯಿಲ್ ಮೇಲೆ ಹತ್ತಿ ಬರ್ತಾ ಇದ್ರೆ ಪಿನಿಯನ್ ಸೀಲ್ ಹೋಗಿದೆ ಅಂತ ಅರ್ಥ. ಸೀಲ್ ಸಣ್ಣ ಸಾಮಾನು, ಬಿಟ್ಟರೆ ಮೀಟರೇ ಹೋಗ್ತದೆ.

ಸರಿ ಆಯ್ತಾ ಅಂತ ನೋಡೋದು ಹೇಗೆ?

ಹೆದ್ದಾರಿಯ ಕಿಲೋಮೀಟರ್ ಕಲ್ಲು ಇದಕ್ಕೆ ಸಾಕು. ವಾಹನ ಕಡಿಮೆ ಇರೋ ಹೊತ್ತಲ್ಲಿ, ನೇರ ರಸ್ತೆಯಲ್ಲಿ ಮುಳ್ಳನ್ನ 40ಕ್ಕೆ ಹಿಡಿದು ಓಡಿಸಿ. ಪಕ್ಕದಲ್ಲಿ ಕೂತವರು ಒಂದು ಕಲ್ಲಿಂದ ಮುಂದಿನ ಕಲ್ಲಿಗೆ ಎಷ್ಟು ಸೆಕೆಂಡ್ ಅಂತ ಮೊಬೈಲಲ್ಲಿ ನೋಡಲಿ. 90 ಸೆಕೆಂಡ್ ಬಂದ್ರೆ ನಿಜವಾಗ್ಲೂ 40. ಮುಳ್ಳು 50ರಲ್ಲಿದ್ರೆ 72 ಸೆಕೆಂಡ್, 60ರಲ್ಲಿದ್ರೆ 60 ಸೆಕೆಂಡ್ ಬರಬೇಕು. ಬೇರೆ ಸೆಕೆಂಡ್ ಬಂದ್ರೆ 3600ನ್ನ ಅದರಿಂದ ಭಾಗಿಸಿ, ನಿಜದ ಸ್ಪೀಡ್ ಸಿಗ್ತದೆ. ಐದಾರು ಕಲ್ಲು ನೋಡಿದ್ರೆ ಕಿಲೋಮೀಟರ್ ಅಂಕಿಯೂ ಸರಿಯಾ ಅಂತ ಗೊತ್ತಾಗ್ತದೆ.

ಮೀಟರ್ ಸ್ವಲ್ಪ ಜಾಸ್ತಿ ತೋರಿಸಿದ್ರೆ ಚಿಂತೆ ಇಲ್ಲ, ಕಡಿಮೆ ತೋರಿಸಬಾರದು. ವಿಶ್ವಸಂಸ್ಥೆಯ ವಾಹನ ನಿಯಮ 39ರಲ್ಲೂ ಇರೋದು ಇದೇ: ನಿಜದ ಸ್ಪೀಡಿಗಿಂತ ಕಡಿಮೆ ತೋರಿಸೋ ಹಾಗಿಲ್ಲ, ಜಾಸ್ತಿ ತೋರಿಸಿದರೂ ಹತ್ತನೇ ಒಂದು ಭಾಗ ಮತ್ತು ಅದರ ಮೇಲೆ 4 ಕಿಲೋಮೀಟರ್ ದಾಟೋ ಹಾಗಿಲ್ಲ.

ಆರ್‌ಟಿಒ ಕಚೇರಿಯಲ್ಲಿ ಏನು ಹೇಳ್ತಾರೆ?

ಕೇಂದ್ರ ಮೋಟಾರು ವಾಹನ ನಿಯಮ 117ರ ಪ್ರಕಾರ ಗಾಡಿಗೆ ಸ್ಪೀಡೋಮೀಟರ್ ಇರಲೇಬೇಕು. ಬಾಡಿಗೆ ಗಾಡಿಗೆ ಎಂಟು ವರ್ಷ ದಾಟಿದ ಮೇಲೆ ಪ್ರತಿ ವರ್ಷ ಎಫ್‌ಸಿ. ಸ್ವಂತ ಗಾಡಿಗೆ 15 ವರ್ಷ ಆದ ಮೇಲೆ ಐದೈದು ವರ್ಷಕ್ಕೆ ನೋಂದಣಿ ನವೀಕರಣ. ಎರಡಕ್ಕೂ ಗಾಡಿ ತೋರಿಸಬೇಕು.

ಆದ್ರೆ ಮೀಟರಿಗಿಂತ ದೊಡ್ಡ ಪ್ರಶ್ನೆ ಎಂಜಿನಿನದ್ದು. ಮೋಟಾರು ವಾಹನ ಕಾಯ್ದೆ 1988ರ ಕಲಂ 52ರ ಪ್ರಕಾರ, ಕಂಪನಿ ಕೊಟ್ಟ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಕೇರಳದ ಪ್ರಕರಣವೊಂದರಲ್ಲಿ ಇದನ್ನೇ ಎತ್ತಿ ಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ ಕಲಂ 182ಎ ಪ್ರಕಾರ, ಅನುಮತಿ ಇಲ್ಲದ ಪ್ರತಿ ಬದಲಾವಣೆಗೆ ಮಾಲೀಕರಿಗೆ 5000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು.

ಹಾಗಾಗಿ ಎಂಜಿನ್ ಇಳಿಸೋಕೆ ಮುಂಚೆ ನಿಮ್ಮ ಆರ್‌ಸಿ ಇರುವ ಕಚೇರಿಯಲ್ಲಿ ಕೇಳಿ. ಕೆಎ-15 ಆದ್ರೆ ಸಾಗರ, ಕೆಎ-14 ಆದ್ರೆ ಶಿವಮೊಗ್ಗ. ಅದೇ ಕಂಪನಿಯ ಅದೇ ಮಾದರಿ ಎಂಜಿನ್ ಹಾಕೋದು ಒಂದು ವಿಷಯ, ಪೆಟ್ರೋಲ್ ತೆಗೆದು ಡೀಸೆಲ್ ಹಾಕೋದು ಬೇರೆಯೇ ವಿಷಯ. ಎಂಜಿನ್ ಖರೀದಿಯ ಬಿಲ್, ಅದು ಬಂದ ಗಾಡಿಯ ಕಾಗದಪತ್ರ ಇಟ್ಟುಕೊಳ್ಳಿ. ಹೊಸ ಎಂಜಿನ್ ನಂಬರ್ ಆರ್‌ಸಿಗೆ ಸೇರಬೇಕು, ವಿಮೆ ಕಂಪನಿಗೂ ತಿಳಿಸಬೇಕು. ಇಲ್ಲಾಂದ್ರೆ ಅಪಘಾತ ಆದಾಗ ಕ್ಲೇಮಿಗೆ ತಕರಾರು ಬರ್ತದೆ.

ಗ್ಯಾರೇಜಿಗೆ ಗಾಡಿ ಬಿಡೋಕೆ ಮುಂಚೆ

• ಟ್ರಾನ್ಸ್‌ಫರ್ ಕೇಸ್ ಹಳೇದೇ ಉಳೀತದಾ ಅಂತ ಕೇಳಿ. ಉಳಿದ್ರೆ ಮೀಟರ್ ಕೆಲಸ ಅರ್ಧಕ್ಕರ್ಧ ಮುಗಿದ ಹಾಗೆ.
• ಗೇರ್‌ಬಾಕ್ಸ್ ಬೆಂಚಿನ ಮೇಲೆ ಇರುವಾಗಲೇ ಮೀಟರ್ ಗೇರು, ಪಿನಿಯನ್, ಸೀಲ್ ನೋಡಿಸಿ. ಹಲ್ಲು ಎಣಿಸಿ ಬರೆದಿಡಿ. ಗಾಡಿಗೆ ಕೂರಿಸಿದ ಮೇಲೆ ಮತ್ತೆ ಇಳಿಸೋ ಕೂಲಿ ನಿಮ್ಮ ತಲೆಗೇ ಬರ್ತದೆ.
• ಸೆನ್ಸರ್ ಗೇರ್‌ಬಾಕ್ಸ್ ಆದ್ರೆ ಮೀಟರ್ ಬೋರ್ಡು, ವೈರಿಂಗ್ ಸೇರಿಸಿಯೇ ರೇಟು ಮಾತಾಡಿ.
• "ಸ್ಪೀಡೋಮೀಟರ್ ಓಡುವ ಹಾಗೆ" ಅನ್ನೋ ಮಾತು ಎಸ್ಟಿಮೇಟಲ್ಲಿ ಬರೆಸಿ.
• ಹಳೆ ಮೀಟರಿನ ಕಿಲೋಮೀಟರ್ ಅಂಕಿಯ ಫೋಟೋ ತೆಗೆದಿಡಿ. ಮೀಟರ್ ಬದಲಾದ್ರೆ ಎರಡೂ ಅಂಕಿ ಬಿಲ್ಲಲ್ಲಿ ಬರಲಿ, ಮುಂದೆ ಗಾಡಿ ಮಾರುವಾಗ ಮಾತು ಬರೋದಿಲ್ಲ.
• ಪೂರ್ತಿ ಹಣ ಕೊಡೋದು ಕಿಲೋಮೀಟರ್ ಕಲ್ಲಿನ ಪರೀಕ್ಷೆ ಆದ ಮೇಲೆ.